ಕತ್ತರಿ ಕಾಣದ ಬಟ್ಟೆ ಕಾಲಿಗೆ ಬಂದಾಗ: ಮಾಯಾ ನೇಯ್ಗೆ ಮತ್ತು ಕೆತ್ತನೆಯ ಪಾದರಕ್ಷೆ

ಮಧ್ಯ ಅಮೆರಿಕದ ಗ್ವಾಟೆಮಾಲಾದ ಕೈನೇಯ್ಗೆ ಬಟ್ಟೆಯ ಬೂಟುಗಳನ್ನು ಅರಿಯಲು ಹೊರಟವರು ಬಣ್ಣದಿಂದ ಶುರು ಮಾಡುತ್ತಾರೆ. ಕತ್ತರಿಯಿಂದ ಶುರು ಮಾಡಿದರೆ ವಿಷಯ ಬೇಗ ಬಿಡಿಸಿಕೊಳ್ಳುತ್ತದೆ ಎಂಬುದು ನನ್ನ ಅನುಭವ.

ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನಾಂಗದ ಹೆಂಗಸರದು ಸೊಂಟದ ಮಗ್ಗ. ಹಾಸಿನ, ಅಂದರೆ ಉದ್ದಕ್ಕೆ ಎಳೆದ ನೂಲಿನ, ಒಂದು ತುದಿಯನ್ನು ಮರಕ್ಕೋ ಕಂಬಕ್ಕೋ ಕಟ್ಟುತ್ತಾರೆ. ಇನ್ನೊಂದು ತುದಿಯ ಕೋಲು ಪಟ್ಟಿಯ ಮೂಲಕ ನೇಯುವವಳ ಸೊಂಟಕ್ಕೆ ಸೇರುತ್ತದೆ. ಹಿಂದಕ್ಕೆ ವಾಲಿದರೆ ಹಾಸು ಬಿಗಿಯುತ್ತದೆ, ಮುಂದಕ್ಕೆ ಬಾಗಿದರೆ ಸಡಿಲುತ್ತದೆ. ಹಾಸಿನ ನೂಲು ಎರಡೂ ತುದಿಯ ಕೋಲುಗಳನ್ನು ಸುತ್ತಿ ತಿರುಗುವುದರಿಂದ ನಾಲ್ಕೂ ಬದಿಗೆ ಅಂಚು ಕಟ್ಟಿದ ಬಟ್ಟೆಯನ್ನು ನೇಯಬಹುದು. ಇಂಥ ಪಟ್ಟಿಗಳನ್ನು ಜೋಡಿಸಿ ಹೊಲಿದರೆ ಉಯಿಪಿಲ್ ಎಂಬ ಮೇಲಂಗಿ ಸಿದ್ಧ. ಕತ್ತರಿಗೆ ಅಲ್ಲಿ ಹೆಚ್ಚೆಂದರೆ ಕೊರಳಿನ ಕೆಲಸ.

ಒಂದು ಎಚ್ಚರಿಕೆ: ಉಯಿಪಿಲ್‌ನ ಚಿತ್ತಾರವನ್ನು ಹಲವರು ಕಸೂತಿ ಎಂದು ಬರೆದುಬಿಡುತ್ತಾರೆ. ಅದು ಬಹುಪಾಲು ನೇಯುವಾಗಲೇ ಬೆರಳಿನಿಂದ ಸೇರಿಸಿದ ಹೆಚ್ಚುವರಿ ಹೊಕ್ಕಿನ, ಅಂದರೆ ಅಡ್ಡಕ್ಕೆ ಹಾಯುವ, ನೂಲು. ಲಂಗದ ಬಟ್ಟೆಯ ದಾರಿಯೇ ಬೇರೆ. ಸ್ಪೇನಿನವರು ತಂದ, ಕಾಲಿನಿಂದ ಮೆಟ್ಟಿ ನಡೆಸುವ ಮಗ್ಗದಲ್ಲಿ ಹೆಚ್ಚಾಗಿ ಗಂಡಸರು ಅದನ್ನು ನೇಯುತ್ತಾರೆ. ಸಲ್ಕಾಹಾ ಊರಿನಲ್ಲಿ ನೂಲನ್ನು ಮೊದಲೇ ಗಂಟು ಕಟ್ಟಿ ಬಣ್ಣಕ್ಕೆ ಅದ್ದುತ್ತಾರೆ; ಪೋಚಂಪಲ್ಲಿ ಸೀರೆ ನೋಡಿದವರಿಗೆ ಈ ಕ್ರಮ ಹೊಸದಲ್ಲ.

ಈಗ ಪಾದರಕ್ಷೆಗೆ ಬನ್ನಿ. ಗ್ವಾಟೆಮಾಲಾದ ಆಂಟಿಗುವಾ ಪಟ್ಟಣದ ಬಳಿಯ ಪಾಸ್ತೋರೆಸ್ ಚರ್ಮದ ಬೂಟುಗಳಿಗೆ ಹೆಸರಾದ ಊರು. ಪಾದದಲ್ಲಿ ನೇರ ಗೆರೆ ಎಂಬುದೇ ಇಲ್ಲ, ಆದ್ದರಿಂದ ಬಟ್ಟೆಯನ್ನು ಬಾಗಿಸಿ ಕತ್ತರಿಸಲೇಬೇಕು. ಕತ್ತರಿಸಿದೊಡನೆ ಹೆಚ್ಚುವರಿ ಹೊಕ್ಕಿನ ನೂಲು ಸಡಿಲಗೊಂಡು ಬಿಚ್ಚಿಕೊಳ್ಳುತ್ತದೆ. ಅದಕ್ಕಾಗಿ ಹಿಂಬದಿಗೆ ಗಟ್ಟಿ ಅಸ್ತರಿ ಅಂಟಿಸಿ, ಹೆಚ್ಚು ಸವೆಯುವ ಮುಂಗಾಲು ಮತ್ತು ಹಿಮ್ಮಡಿಗೆ ಚರ್ಮ ಕೊಟ್ಟು, ಬಟ್ಟೆಯನ್ನು ಬದಿಗಳಿಗೆ ಉಳಿಸಿಕೊಳ್ಳುವುದು ಜಾಣತನ.

ಪಾದರಕ್ಷೆಯಲ್ಲಿ ಕೆತ್ತನೆ ಮರದ ಅಟ್ಟೆಗೆ ಸಲ್ಲುತ್ತದೆ. ನೆಲಕ್ಕೆ ತಾಗುವ ಭಾಗದಲ್ಲಿ ಕೆತ್ತಿದ್ದು ಸವೆದು ಹೋಗುವುದರಿಂದ ಅಟ್ಟೆಯ ಬದಿಯೇ ಉಳಿಗೆ ಸರಿಯಾದ ಜಾಗ. ಮರದ ನಾರು ಪಾದದ ಉದ್ದಕ್ಕೇ ಇರಬೇಕು, ಅಡ್ಡಕ್ಕಿದ್ದರೆ ಹೆಜ್ಜೆಯ ಭಾರಕ್ಕೆ ಸೀಳುತ್ತದೆ. ಮರದ ಕೆತ್ತನೆ ಅಲ್ಲಿಗೆ ಹೊಸದಲ್ಲ: ಗ್ವಾಟೆಮಾಲಾದ ಎತ್ತರದ ನಾಡಿನಲ್ಲಿ ನೃತ್ಯದ ಮರದ ಮುಖವಾಡಗಳನ್ನು ಕೆತ್ತುವ ಪರಂಪರೆ ಇಂದಿಗೂ ಜೀವಂತವಾಗಿದೆ.

ನೇಯ್ಗೆ ಮತ್ತು ಕೆತ್ತನೆಯ ನಂಟು ಹಳೆಯದು. ಪ್ರಾಚೀನ ಮಾಯಾ ನಗರ ಯಾಶ್ಚಿಲಾನ್‌ನ 24ನೆಯ ಬಾಗಿಲತೊಲೆಯಲ್ಲಿ ರಾಣಿ ಶೋಕ್ ಉಟ್ಟ ಉಯಿಪಿಲ್‌ನ ವಜ್ರಾಕಾರದ ನೇಯ್ಗೆಯನ್ನು ಶಿಲ್ಪಿ ಸುಣ್ಣಕಲ್ಲಿನಲ್ಲಿ ಬಿಡಿಸಿದ್ದಾನೆ. ಅದರಲ್ಲಿರುವ ದೃಶ್ಯ ಕ್ರಿ.ಶ. 709ರದು. ನೇಯ್ದ ಬಟ್ಟೆ ಉಳಿಯಲಿಲ್ಲ, ಕೆತ್ತಿದ ಬಟ್ಟೆ ಉಳಿದಿದೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಪ್ರಿಯವಾದ ಸಂಗತಿ ಇದು.

ಮತ್ತೆ ಕತ್ತರಿಗೆ ಬರೋಣ. ಉಟ್ಟು ಹಳತಾದ ಉಯಿಪಿಲ್‌ಗಳನ್ನು ಕೊಂಡು ಬೂಟು, ಚೀಲಗಳಿಗಾಗಿ ಕತ್ತರಿಸುವ ವ್ಯಾಪಾರ ದೊಡ್ಡದು. ಚಿತ್ತಾರ ನೋಡಿಯೇ ಉಟ್ಟವಳ ಊರು ಹೇಳಬಹುದಾದ ಬಟ್ಟೆಯದು. ನೇಯಲು ತಿಂಗಳುಗಳೇ ಹಿಡಿದಿರಬಹುದು. 2016ರಲ್ಲಿ, ಪಾಸ್ತೋರೆಸ್ ಇರುವ ಸಕಾತೆಪೆಕೆಸ್ ಪ್ರಾಂತ್ಯದ ಮಹಿಳಾ ಸಂಘಟನೆಯೊಂದರ ಮುಂದಾಳತ್ವದಲ್ಲಿ ಮಾಯಾ ನೇಕಾರ್ತಿಯರು ದೇಶದ ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಿದರು. ಈ ಚಿತ್ತಾರಗಳು ಇಡೀ ಸಮುದಾಯದ ಬೌದ್ಧಿಕ ಆಸ್ತಿ, ಕಾನೂನು ಅದನ್ನು ಕಾಯಬೇಕು ಎಂಬುದು ಅವರ ವಾದವಾಗಿತ್ತು. ಅಂಥ ಕಾನೂನು ರೂಪಿಸುವಂತೆ 2017ರಲ್ಲಿ ನ್ಯಾಯಾಲಯ ಸಂಸತ್ತನ್ನು ಕೇಳಿಕೊಂಡಿತು.