ಗುಂಡಿ ಒತ್ತಿದರೂ ಮನೆ ಮಾತಾಡಲ್ಲ

ಕಡಿಮೆ ಇಂಧನ ಸಾಕೆನ್ನುವ ಮನೆಗಳಿಗೆ ಬಿಸಿಯ ಮತ್ತು ಗಾಳಿಯ ವ್ಯವಸ್ಥೆ ಜೋಡಿಸುವುದು ನನ್ನ ಕೆಲಸ. ಜನ ವಾಸಕ್ಕೆ ಬಂದು ಕೆಲವು ತಿಂಗಳಾದ ಮೇಲೆ ಮತ್ತೊಮ್ಮೆ ಹೋಗಿ ನೋಡುತ್ತೇನೆ. ಮೊದಲು ನೋಡುವುದು ಮೀಟರನ್ನಲ್ಲ, ಕೋಣೆ ಎಷ್ಟು ಬಿಸಿಯಿರಬೇಕೆಂದು ಹೊಂದಿಸುವ ಥರ್ಮೋಸ್ಟಾಟ್ ಇರುವ ಗೋಡೆಯನ್ನು. ಅಲ್ಲಿ ‘ಯಾರೂ ಮುಟ್ಟಬೇಡಿ’ ಅಂತ ಚೀಟಿ ಅಂಟಿಸಿದ್ದರೆ ಅರ್ಧ ಕಥೆ ಗೊತ್ತಾದ ಹಾಗೆ.

ಹೆಚ್ಚಿನವರ ಲೆಕ್ಕ ಹೀಗಿರುತ್ತದೆ: ಚಳಿ ಆಯಿತು, 21 ಡಿಗ್ರಿ ಇದ್ದದ್ದನ್ನು 26ಕ್ಕೆ ಏರಿಸಿದರೆ ಬೇಗ ಬಿಸಿಯಾಗುತ್ತದೆ. ನಲ್ಲಿ ಜಾಸ್ತಿ ತಿರುಗಿಸಿದರೆ ನೀರು ಜೋರಾಗಿ ಬರುತ್ತದಲ್ವಾ, ಹಾಗೆ. ಆದರೆ ಸಾಮಾನ್ಯ ಥರ್ಮೋಸ್ಟಾಟ್ ನಲ್ಲಿಯಲ್ಲ, ಸ್ವಿಚ್ಚು. ಹೇಳಿದ ಮಟ್ಟ ಮುಟ್ಟುವವರೆಗೆ ಯಂತ್ರ ಓಡಿಸುತ್ತದೆ, ಆಮೇಲೆ ನಿಲ್ಲಿಸುತ್ತದೆ. 26 ಅಂದರೂ ವೇಗ ಅಷ್ಟೇ. ಈ ನಲ್ಲಿ ಲೆಕ್ಕದ ಬಗ್ಗೆ ವಿಲೆಟ್ ಕೆಂಪ್ಟನ್ ಎಂಬ ಸಂಶೋಧಕರು 1986ರಲ್ಲೇ ಬರೆದಿದ್ದರು. ಅವರು ಅದನ್ನು ದಡ್ಡತನ ಅನ್ನಲಿಲ್ಲ. ನಾನೂ ಅನ್ನುವುದಿಲ್ಲ.

ಹಳೆಯ ಮನೆಯಲ್ಲಿ ಈ ಲೆಕ್ಕ ಹೇಗೋ ನಡೆದುಹೋಗುತ್ತಿತ್ತು. ಕೋಣೆಯಲ್ಲಿನ ಬಿಸಿನೀರಿನ ರೇಡಿಯೇಟರ್ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ಯಂತ್ರ ಓಡುತ್ತಿದೆ ಅಂತ ಗೊತ್ತಾಗುತ್ತಿತ್ತು. ಈಗ ನೆಲದ ಕಾಂಕ್ರೀಟಿನೊಳಗೆ ಪೈಪು, ಅದರಲ್ಲಿ 35 ಡಿಗ್ರಿ ಆಸುಪಾಸಿನ ನೀರು. ಕಾಲಿಟ್ಟರೆ ಬಿಸಿ ಅಂತ ಅನ್ನಿಸುವುದೇ ಇಲ್ಲ. ಕೋಣೆ ಬದಲಾಗಲು ಗಂಟೆಗಟ್ಟಲೆ ಬೇಕು. ಸಂಜೆ ಏರಿಸಿದವರಿಗೆ ನಡುರಾತ್ರಿ ಸೆಕೆ. ಎದ್ದು ಕಿಟಕಿ ತೆಗೆಯುತ್ತಾರೆ. ಬೆಳಿಗ್ಗೆ ಸಿಟ್ಟಿನಿಂದ ಪೂರ್ತಿ ಆಫ್. ಸಂಜೆ ಮತ್ತೆ ಚಳಿ. ಒಂದೇ ಸಮನೆ, ನಿಧಾನಕ್ಕೆ ಓಡಬೇಕಾದ ಹೀಟ್ ಪಂಪನ್ನು, ಅಂದರೆ ಹೊರಗಿನ ಬಿಸಿಯನ್ನು ಮನೆಯೊಳಗೆ ತರುವ ಯಂತ್ರವನ್ನು, ಹೀಗೆ ಎಳೆದಾಡಿದರೆ ಉಳಿತಾಯ ಎಲ್ಲಿಂದ ಬರಬೇಕು?

ಗಾಳಿ ಯಂತ್ರದ್ದು ಬೇರೆ ಗೋಳು. ಗಾಳಿ ಸೋರದಂತೆ ಕಟ್ಟಿದ ಮನೆಗೆ ಅದೇ ಮೂಗು. ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ದಾಟಿಸುತ್ತದೆ. ಆದರೆ ರಾತ್ರಿಯೆಲ್ಲ ಗುಂಯ್ ಅನ್ನುತ್ತದೆ ಅಂತ ಪ್ಲಗ್ ಕಿತ್ತವರನ್ನು ನೋಡಿದ್ದೇನೆ. ಆಮೇಲೆ ಕಿಟಕಿ ಗಾಜಿನ ಮೇಲೆ ನೀರು, ಬೀರುವಿನ ಹಿಂದೆ ಬೂಷ್ಟು. ಅಂಥ ಒಂದು ಮನೆಯಲ್ಲಿ ಯಂತ್ರ ಬಿಚ್ಚಿದೆ. ಫಿಲ್ಟರ್ ಕರ್ರಗೆ ಕಟ್ಟಿಕೊಂಡಿತ್ತು. ಫ್ಯಾನು ಒದ್ದಾಡುತ್ತಿದ್ದದ್ದಕ್ಕೇ ಆ ಸದ್ದು. ‘ಫಿಲ್ಟರ್ ಬದಲಿಸಿ’ ಅನ್ನುವ ಕೆಂಪು ದೀಪ ಇತ್ತು, ಆದರೆ ಯಂತ್ರ ಇದ್ದದ್ದು ಅಟ್ಟದಲ್ಲಿ. ಏಣಿ ಹಾಕಿಕೊಂಡು ಯಾರು ನೋಡುತ್ತಾರೆ? ಅಲ್ಲಿಡಿಸಿದ್ದು ನಾನೇ.

ಬಿಸಿಲು ಬಿದ್ದ ಕೂಡಲೇ ತಾನಾಗಿ ಇಳಿಯುವ ಪರದೆಗಳೂ ಅಷ್ಟೇ. ಕಿಟಕಿ ಪಕ್ಕ ಓದುತ್ತ ಕೂತವರಿಗೆ ಎರಡು ಸಲ ಕತ್ತಲಾದರೆ, ಮೂರನೇ ಸಲ ಸೆನ್ಸರಿಗೆ ಟೇಪು ಬೀಳುತ್ತದೆ. ಮೇಲೆತ್ತಲು ಕೈಗೊಂದು ಗುಂಡಿ ಕೊಟ್ಟ ಮನೆಗಳಲ್ಲಿ ನಾನು ಟೇಪು ಕಂಡದ್ದು ಕಡಿಮೆ.

ಈಗ ಕೀಲಿ ಕೊಡುವ ದಿನ ನಾನು ದಪ್ಪ ಕೈಪಿಡಿ ತೆಗೆಯುವುದಿಲ್ಲ. ಅವತ್ತು ಯಾರ ತಲೆಗೂ ಏನೂ ಹೋಗಲ್ಲ. ‘ಒಂದೇ ಡಿಗ್ರಿ ಬದಲಿಸಿ, ನಾಳೆವರೆಗೆ ಕಾಯಿರಿ’ ಅಂತಷ್ಟೇ ಹೇಳುತ್ತೇನೆ. ಉಳಿದದ್ದನ್ನು ಮೊದಲ ಚಳಿ ಬಿದ್ದ ಮೇಲೆ, ಅವರದೇ ಸೋಫಾದಲ್ಲಿ ಕೂತು ಮಾತಾಡುತ್ತೇವೆ. ಫಿಲ್ಟರಿನ ಕೆಂಪು ದೀಪವನ್ನು ಬಾಗಿಲ ಪಕ್ಕ, ಚಪ್ಪಲಿ ಬಿಡುವ ಜಾಗಕ್ಕೆ ತಂದಿದ್ದೇನೆ.