25 ಸಿಟ್ಟಿಂಗ್ 5ಕ್ಕೆ ಇಳಿದದ್ದು ಹೇಗೆ?

"ಮೇಡಂ, ನಮ್ ಚಿಕ್ಕಮ್ಮಂಗೆ ಇಪ್ಪತ್ತೈದು ಕರೆಂಟ್ ಕೊಟ್ಟಿದ್ರು. ಅಮ್ಮಂಗೆ ಹದಿನೈದೇ ಅಂತೀರಲ್ಲ. ಕಾರ್ಡ್‌ನಲ್ಲಿ ಮಾಡಿಸ್ಕೊಂಡ್ರೆ ಕಡಿಮೆ ಕೊಡ್ತಾರಾ?"

ಸ್ತನ ಕ್ಯಾನ್ಸರ್ ಪೇಷಂಟ್‌ಗಳ ಮನೆಯವರು ಆಗಾಗ ಕೇಳುವ ಪ್ರಶ್ನೆ ಇದು. ಕರೆಂಟ್ ಅಂದರೆ ವಿಕಿರಣ ಚಿಕಿತ್ಸೆ, ಅಂದರೆ ರೇಡಿಯೋಥೆರಪಿ. ಒಂದೊಂದು ಸಲ ಕೊಡುವುದು ಒಂದೊಂದು ಸಿಟ್ಟಿಂಗ್. ಕೆಲವರು ನೇರವಾಗಿಯೇ ಕೇಳುತ್ತಾರೆ, ಜಾಸ್ತಿ ಜನ ಹಿಂದೆ ಮುಂದೆ ನೋಡುತ್ತಾ. ನಾನು ರೇಡಿಯೋಥೆರಪಿ ವಿಭಾಗದಲ್ಲಿ ಮೆಡಿಕಲ್ ಫಿಸಿಸಿಸ್ಟ್. ಪೇಷಂಟ್ ನೋಡಿ ಎಷ್ಟು ಕೊಡಬೇಕು ಅಂತ ತೀರ್ಮಾನ ಮಾಡುವುದು ಡಾಕ್ಟರು. ಅಷ್ಟು ಡೋಸ್ ಸರಿಯಾದ ಜಾಗಕ್ಕೆ ಹೋಗುವಂತೆ ಲೆಕ್ಕ ಹಾಕುವುದು, ಮೆಷಿನ್ ಸರಿ ಇದೆಯಾ ಅಂತ ನೋಡುವುದು ನಮ್ಮ ಕೆಲಸ. ಸಿಟ್ಟಿಂಗ್ ಕಡಿಮೆಯಾದದ್ದಕ್ಕೆ ಕಾರ್ಡ್ ಕಾರಣ ಅಲ್ಲ. ಅದರ ಹಿಂದೆ ನೂರು ವರ್ಷದ ಕಥೆಯೇ ಇದೆ.

ಡೋಸ್ ಅಳೆಯುವ ಮಾನ ಗ್ರೇ. ಒಂದು ಕಿಲೋ ಮೈಗೆ ಒಂದು ಜೌಲ್ ಶಕ್ತಿ ಸೇರಿದರೆ ಅದು ಒಂದು ಗ್ರೇ. ಮೈಗೆಲ್ಲ ಒಂದೇ ಸಲ 4 ಗ್ರೇ ಬಿದ್ದು, ಚಿಕಿತ್ಸೆಯೂ ಸಿಗದಿದ್ದರೆ ಸುಮಾರು ಅರ್ಧದಷ್ಟು ಜನ ಉಳಿಯುವುದಿಲ್ಲ. ಇದರ ಶಕ್ತಿ ಎಷ್ಟು ಗೊತ್ತಾ? 70 ಕಿಲೋ ತೂಗುವವರಿಗೆ ಬರೀ 280 ಜೌಲ್. ಒಂದು ಚಮಚ ಬಿಸಿ ಟೀ ಕುಡಿದಾಗ ಮೈಗೆ ಸೇರುವ ಶಾಖ ಇದಕ್ಕಿಂತ ಜಾಸ್ತಿ. ಅಂದರೆ ವಿಕಿರಣ ಕೊಲ್ಲುವುದು ಸುಟ್ಟು ಅಲ್ಲ. ಇಷ್ಟೇ ಶಕ್ತಿ ಜೀವಕೋಶದೊಳಗಿನ ಡಿಎನ್‌ಎ ಎಳೆಗಳ ಮೇಲೆ ಬೀಳುತ್ತದೆ, ಅಥವಾ ಪಕ್ಕದ ನೀರಿನ ಅಣುವನ್ನು ಒಡೆದು ಅದರಿಂದ ಹುಟ್ಟುವ ಚೂರುಗಳ ಮೂಲಕ ಎಳೆಗಳನ್ನು ಕಡಿಯುತ್ತದೆ. ಒಂದು ಗ್ರೇ ಬಿದ್ದರೆ ಪ್ರತಿ ಕೋಶದಲ್ಲೂ ಒಂಟಿ ಎಳೆ ಕಡಿದ ಜಾಗ ಸುಮಾರು ಸಾವಿರ, ಎರಡೂ ಎಳೆ ಒಟ್ಟಿಗೆ ಕಡಿದ ಜಾಗ ಸುಮಾರು 40. ಒಂಟಿ ಎಳೆಯನ್ನು ಕೋಶ ಸಲೀಸಾಗಿ ಜೋಡಿಸಿಕೊಳ್ಳುತ್ತದೆ. ಎರಡೂ ಕಡಿದಾಗಲೇ ಕಷ್ಟ. ಅದನ್ನೂ ಬಹಳ ಮಟ್ಟಿಗೆ ಕೆಲವು ಗಂಟೆಗಳಲ್ಲಿ ರಿಪೇರಿ ಮಾಡಿಕೊಳ್ಳುತ್ತದೆ.

ಇಡೀ ರೇಡಿಯೋಥೆರಪಿ ನಿಂತಿರುವುದು ಈ ಕೆಲವು ಗಂಟೆಗಳ ಮೇಲೆ. 1920ರ ದಶಕದಲ್ಲಿ ಪ್ಯಾರಿಸ್‌ನ ಕ್ಲೋಡಿಯಸ್ ರೆಗೋ ಟಗರುಗಳ ಮೇಲೆ ಪ್ರಯೋಗ ಮಾಡಿದರು. ಒಂದೇ ಸಲಕ್ಕೆ ದೊಡ್ಡ ಡೋಸ್ ಕೊಟ್ಟು ಟಗರಿನ ಬೀಜ ನಿಷ್ಕ್ರಿಯ ಮಾಡಲು ಹೋದರೆ ಮೇಲಿನ ಚರ್ಮ ಹಾಳಾಗುತ್ತಿತ್ತು. ಹಲವು ದಿನಗಳಿಗೆ ಹಂಚಿ ಕೊಟ್ಟಾಗ ಚರ್ಮ ಉಳಿಯಿತು, ಬೀಜ ನಿಷ್ಕ್ರಿಯವಾಯಿತು. ಬೀಜದ ಕೋಶಗಳು ಗಡ್ಡೆಯ ಕೋಶಗಳ ಹಾಗೆಯೇ ಬೇಗ ಬೇಗ ಒಡೆದು ಬೆಳೆಯುವಂಥವು. ಅದನ್ನೇ ಹೆನ್ರಿ ಕುಟಾರ್ ಗಂಟಲ ಕ್ಯಾನ್ಸರ್ ರೋಗಿಗಳಿಗೆ ಬಳಸಿದರು. ದಿನಕ್ಕೆ ಸುಮಾರು 2 ಗ್ರೇ, ವಾರಕ್ಕೆ ಐದು ದಿನ ಎಂಬ ಪದ್ಧತಿ ಹೀಗೆ ಬೆಳೆದು ಬಂತು. ಸ್ತನಕ್ಕೂ ಅದೇ ಅಳತೆ ಬಂತು: 25 ಸಿಟ್ಟಿಂಗ್, 50 ಗ್ರೇ.

ಗಂಟಲಿಗೆ ಹೊಲಿದ ಅಂಗಿ ಸ್ತನಕ್ಕೂ ಸರಿಹೋಗುತ್ತದೆಯೇ ಅಂತ ಬಹಳ ಕಾಲ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಡೋಸ್ ಸಣ್ಣದಿದ್ದಾಗ ಕಡಿತಗಳು ದೂರ ದೂರ ಇರುತ್ತವೆ, ರಿಪೇರಿ ಸುಲಭ. ಡೋಸ್ ದೊಡ್ಡದಾದಂತೆ ರಿಪೇರಿಗೆ ಆಗದ ಗಾಯಗಳು ಜಾಸ್ತಿಯಾಗುತ್ತವೆ, ಅದೂ ಡೋಸ್ ಏರಿದ್ದಕ್ಕಿಂತ ವೇಗವಾಗಿ. ಕೆಲವು ಗಡ್ಡೆಗಳಿಗೆ ಈ ವ್ಯತ್ಯಾಸ ಅಷ್ಟಾಗಿ ತಟ್ಟುವುದಿಲ್ಲ. ಗಂಟಲು, ಗರ್ಭಕಂಠದ ಕ್ಯಾನ್ಸರ್ ಹೀಗೆ. ಸ್ತನ ಮತ್ತು ಪ್ರಾಸ್ಟೇಟ್ ಗಡ್ಡೆಗಳಿಗೆ ಮಾತ್ರ ಸಿಟ್ಟಿಂಗಿನ ಗಾತ್ರ ಚೆನ್ನಾಗಿಯೇ ತಟ್ಟುತ್ತದೆ. ಬ್ರಿಟನ್ನಿನಲ್ಲಿ ನಡೆದ ದೊಡ್ಡ ಪ್ರಯೋಗಗಳು ಇದನ್ನು ತೋರಿಸಿಕೊಟ್ಟವು. 2008ರ ಹೊತ್ತಿಗೆ 15 ಸಿಟ್ಟಿಂಗ್, 40 ಗ್ರೇ ಸಾಕು ಅಂತಾಯಿತು. 2020ರಲ್ಲಿ ಫಾಸ್ಟ್-ಫಾರ್ವರ್ಡ್ ಪ್ರಯೋಗದ ಐದು ವರ್ಷದ ಫಲಿತಾಂಶ ಬಂತು. ನಾಲ್ಕು ಸಾವಿರಕ್ಕೂ ಜಾಸ್ತಿ ರೋಗಿಗಳಿದ್ದ ಆ ಪ್ರಯೋಗದಲ್ಲಿ, ಒಂದೇ ವಾರದಲ್ಲಿ 5 ಸಿಟ್ಟಿಂಗ್, ಒಟ್ಟು 26 ಗ್ರೇ ಕೊಟ್ಟರೂ ಗಡ್ಡೆ ಮರುಕಳಿಸುವ ಪ್ರಮಾಣ ಮೂರು ವಾರದ ಚಿಕಿತ್ಸೆಗಿಂತ ಜಾಸ್ತಿ ಆಗಲಿಲ್ಲ.

50 ಇದ್ದದ್ದು 26 ಆಯಿತು ಅಂದರೆ ಅರ್ಧ ಕೊಟ್ಟಂತೆ ಕಾಣುತ್ತದೆ, ಅಲ್ವಾ? ಆದರೆ ದಿನಕ್ಕೆ 5.2 ಗ್ರೇ ಬಿದ್ದಾಗ ಒಂದೊಂದು ಗ್ರೇಯ ಹೊಡೆತವೂ ಹೆಚ್ಚು. ಹಾಗಂತ ಎಲ್ಲರಿಗೂ ಐದೇ ಅಲ್ಲ. ಯಾವ ಹಂತ, ಯಾವ ಆಪರೇಷನ್, ಕಂಕುಳ ಗಂಟುಗಳಿಗೂ ಕೊಡಬೇಕಾ, ಇದನ್ನೆಲ್ಲ ನೋಡಿ ಡಾಕ್ಟರು ನಿರ್ಧರಿಸುತ್ತಾರೆ. ಹಾಸನದಿಂದಲೋ ಬಳ್ಳಾರಿಯಿಂದಲೋ ಬಂದು ಬೆಂಗಳೂರಿನಲ್ಲಿ ರೂಮು ಮಾಡಿಕೊಂಡು ಐದು ವಾರ ಕೂರುವವರ ಪಾಡು ನೋಡಿದವಳು ನಾನು. ನನ್ನ ಮಟ್ಟಿಗೆ ಇತ್ತೀಚಿನ ಎಷ್ಟೋ ಹೊಸ ಮೆಷಿನ್‌ಗಳಿಗಿಂತ ಈ ಸಂಶೋಧನೆ ದೊಡ್ಡದು.

ಒಂದೊಂದು ಸಿಟ್ಟಿಂಗಿನ ತೂಕ ಹೀಗೆ ಏರಿದಾಗ ನಮ್ಮ ಬೆಳಗಿನ ಪರೀಕ್ಷೆಯ ತೂಕವೂ ಏರುತ್ತದೆ. ಮೆಷಿನ್ನಿನ ಡೋಸ್ ಅಳೆಯಲು ಅಯಾನ್ ಚೇಂಬರ್ ಎಂಬ ಪುಟ್ಟ ಉಪಕರಣವಿದೆ. ಪೆನ್ನಿನ ತುದಿಯಷ್ಟು ಜಾಗದಲ್ಲಿ ಗಾಳಿ ಇರುತ್ತದೆ, ಅದು ಹೊರಗಿನ ಗಾಳಿಯದೇ. ವಿಕಿರಣ ಆ ಗಾಳಿಯಲ್ಲಿ ಹುಟ್ಟಿಸುವ ವಿದ್ಯುತ್ತನ್ನು ಎಣಿಸುತ್ತೇವೆ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇ. 10 ಕಡಿಮೆ. ಅದೇ ಡೋಸಿಗೆ ಚೇಂಬರ್ ಮಂಗಳೂರಿನಲ್ಲಿ 100 ತೋರಿಸಿದರೆ ಇಲ್ಲಿ ಸುಮಾರು 90 ತೋರಿಸುತ್ತದೆ. ತಾಪಮಾನ, ಒತ್ತಡ ಬರೆದುಕೊಂಡು ಗುಣಿಸಿ ಸರಿಪಡಿಸಬೇಕು. ಮರೆತು "ಮೆಷಿನ್ ಕಡಿಮೆ ಕೊಡ್ತಿದೆ" ಅಂತ ಏರಿಸಿದರೆ ಆ ದಿನದ ಎಲ್ಲರಿಗೂ ಸುಮಾರು ಶೇ. 11 ಜಾಸ್ತಿ ಬೀಳುತ್ತದೆ. ಹಾಗಾಗಿ ಬ್ಯಾರೋಮೀಟರ್ ನೋಡದೆ ನಮ್ಮ ದಿನ ಶುರುವಾಗುವುದಿಲ್ಲ.

ಆಸ್ಪತ್ರೆಯಾಚೆಗೂ ಇದೇ ಕಿರಣ ದುಡಿಯುತ್ತದೆ. ಅಮೆರಿಕಕ್ಕೆ ಹೋಗುವ ನಮ್ಮ ಮಾವಿನಹಣ್ಣಿಗೆ ಕನಿಷ್ಠ 400 ಗ್ರೇ ಕೊಡಬೇಕು. 2007ರಲ್ಲಿ ಮಹಾರಾಷ್ಟ್ರದ ಲಾಸಲ್‌ಗಾಂವ್‌ನಿಂದ ಇದು ಶುರುವಾಯಿತು. ಈಗ ಕೋಲಾರ ಜಿಲ್ಲೆಯ ಮಾಲೂರಿನಲ್ಲೂ ಅಂಥ ಘಟಕವಿದೆ. ಓಟೆಯೊಳಗಿನ ಹುಳ ತಕ್ಷಣ ಸಾಯಬೇಕೆಂದೇನೂ ಇಲ್ಲ, ಅದರ ಸಂತಾನ ನಿಂತರೆ ಸಾಕು. ಈರುಳ್ಳಿ ಮೊಳಕೆ ಒಡೆಯದಂತೆ ಮಾಡಲು 60 ಗ್ರೇ ಆಸುಪಾಸು ಸಾಕಾಗುತ್ತದೆ. ಅಲ್ಲೂ ಪೆಟ್ಟು ಬೀಳುವುದು ಒಡೆದು ಬೆಳೆಯುವ ಕೋಶಕ್ಕೇ. ಸಿರಿಂಜ್‌ಗಳ ಕ್ರಿಮಿಗಳನ್ನು ಕೊಲ್ಲಲು 25,000 ಗ್ರೇ ಬೇಕು. ಪ್ಲಾಸ್ಟಿಕ್ಕಿಗೆ ರಿಪೇರಿಯ ಹಂಗಿಲ್ಲ, ಹಾಗಾಗಿ ಅಲ್ಲಿ ಕಂತಿನ ಲೆಕ್ಕವೇ ಬೇಡ. ಈ ಕೆಲಸಕ್ಕೆ ಬಳಸುವ ಕೋಬಾಲ್ಟ್-60 ಎಂಬ ವಿಕಿರಣಶೀಲ ಲೋಹದ ಕಿರಣಕ್ಕೆ ಹಣ್ಣನ್ನು ವಿಕಿರಣಶೀಲ ಮಾಡುವಷ್ಟು ಶಕ್ತಿಯೂ ಇಲ್ಲ, ಸುಮ್ನೆ ಹೆದರಬೇಡಿ.

ಹೆದರಬೇಕಾದ್ದು ಯಜಮಾನರಿಲ್ಲದ ವಿಕಿರಣ ಮೂಲಗಳಿಗೆ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ವಿಶ್ವವಿದ್ಯಾಲಯವೊಂದರ ಹಳೇ ಕೋಬಾಲ್ಟ್ ಯಂತ್ರ ಹರಾಜಿನಲ್ಲಿ ಬಂತು. ಏನೆಂದು ತಿಳಿಯದೆ ಅದನ್ನು ಬಿಚ್ಚಿ ತುಂಡು ಮಾಡಿದರು. ಒಬ್ಬರು ತುಂಡೊಂದನ್ನು ಪರ್ಸಿನಲ್ಲಿಟ್ಟುಕೊಂಡು ಓಡಾಡಿದರು, ಪರ್ಸ್ ತಾಗುತ್ತಿದ್ದ ಜಾಗದಲ್ಲಿ ಆಳವಾದ ಹುಣ್ಣಾಯಿತು. ಇನ್ನೊಬ್ಬರು ಸತ್ತೇ ಹೋದರು.

ಈಗ ಕಾಲದ ಎರಡು ತುದಿಗಳಲ್ಲಿ ಸಂಶೋಧನೆ ಬಿರುಸಾಗಿದೆ. ಒಂದು ತುದಿ ಫ್ಲ್ಯಾಶ್. ನಮ್ಮ ಸಾಮಾನ್ಯ ಮೆಷಿನ್ 2 ಗ್ರೇ ಕೊಡಲು ಒಂದು ನಿಮಿಷದ ಆಸುಪಾಸು ತೆಗೆದುಕೊಳ್ಳುತ್ತದೆ. ಫ್ಲ್ಯಾಶ್‌ನಲ್ಲಿ ಸೆಕೆಂಡಿಗೆ 40 ಗ್ರೇಗಿಂತ ಜಾಸ್ತಿ. 2014ರಲ್ಲಿ ಪ್ಯಾರಿಸ್‌ನ ಕ್ಯೂರಿ ಇನ್‌ಸ್ಟಿಟ್ಯೂಟ್ ತಂಡ ಇಲಿಗಳಲ್ಲಿ ನೋಡಿದ್ದು ಇದು: ಹೀಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೊಟ್ಟರೆ ಗಡ್ಡೆಗೆ ಮೊದಲಿನಷ್ಟೇ ಪೆಟ್ಟು, ಶ್ವಾಸಕೋಶಕ್ಕೆ ಹಾನಿ ಮಾತ್ರ ಕಡಿಮೆ. 2018ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಮೊದಲ ರೋಗಿಗೆ ಚರ್ಮದ ಗಡ್ಡೆಯ ಮೇಲೆ 15 ಗ್ರೇಯನ್ನು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ ಕೊಟ್ಟರು. ಯಾಕೆ ಹೀಗಾಗುತ್ತದೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಕೋಶದ ಆಮ್ಲಜನಕ ಒಮ್ಮೆಲೇ ಖಾಲಿಯಾಗುತ್ತದೆ ಎಂಬ ವಾದವಿತ್ತು. ಅಳೆದು ನೋಡಿದರೆ ಅಷ್ಟು ಖಾಲಿಯಾಗುವುದಿಲ್ಲ. ನಮ್ಮ ಅಯಾನ್ ಚೇಂಬರ್ ಕೂಡ ಆ ವೇಗಕ್ಕೆ ತತ್ತರಿಸುತ್ತದೆ. ಸರಿಯಾಗಿ ಅಳೆಯಲು ಬಾರದ್ದನ್ನು ಪೇಷಂಟ್‌ಗೆ ಕೊಡಲು ನನಗಂತೂ ಅವಸರವಿಲ್ಲ.

ಇನ್ನೊಂದು ತುದಿ, ವರ್ಷಗಟ್ಟಲೆ ಹನಿ ಹನಿಯಾಗಿ ಬೀಳುವ ಡೋಸ್. ಕೇರಳದ ಕರುನಾಗಪಳ್ಳಿಯ ಕಡಲತೀರದ ಮರಳಿನಲ್ಲಿ ಥೋರಿಯಂ ಎಂಬ ವಿಕಿರಣಶೀಲ ಲೋಹ ಇದೆ. ಅಲ್ಲಿ ಸುಮಾರು 70,000 ಜನರನ್ನು ಹತ್ತು ವರ್ಷಕ್ಕೂ ಮೇಲೆ ಗಮನಿಸಿ 2009ರಲ್ಲಿ ಬಂದ ವರದಿಯಲ್ಲಿ ಕ್ಯಾನ್ಸರ್ ಹೆಚ್ಚಾದದ್ದು ಕಾಣಲಿಲ್ಲ. ಆದರೆ ಫ್ರಾನ್ಸ್, ಬ್ರಿಟನ್, ಅಮೆರಿಕದ ಮೂರು ಲಕ್ಷಕ್ಕೂ ಜಾಸ್ತಿ ಪರಮಾಣು ಕೆಲಸಗಾರರ ಅಧ್ಯಯನ 2023ರಲ್ಲಿ ಬೇರೆ ಮಾತು ಹೇಳಿತು: ನಿಧಾನವಾಗಿ ಸೇರಿದ ಡೋಸಿಗೂ ಕ್ಯಾನ್ಸರ್ ಸಾವಿನ ಅಪಾಯ ಸ್ವಲ್ಪ ಸ್ವಲ್ಪ ಏರುತ್ತದೆ. ನಿಧಾನವಾಗಿ ಬಿದ್ದರೆ ಅಪಾಯ ಅರ್ಧ ಅಂತ ಹಿಡಿಯುವ ರೂಢಿ ಸರಿಯೇ ಎಂಬ ಚರ್ಚೆ ಈಗ ಅದರಿಂದಲೇ ಜೋರಾಗಿದೆ. ಎರಡರಲ್ಲಿ ಒಂದು ಸುಳ್ಳು ಅಂತ ನನಗನ್ನಿಸುವುದಿಲ್ಲ. ಅಪಾಯ ಸಣ್ಣದಾದಷ್ಟೂ ಅದನ್ನು ಹಿಡಿಯಲು ಹೆಚ್ಚು ಜನ, ಹೆಚ್ಚು ವರ್ಷ ಬೇಕಾಗುತ್ತದೆ. ಸಿಟಿ ಸ್ಕ್ಯಾನ್‌ನಲ್ಲೂ ಸಣ್ಣ ಡೋಸ್ ಬೀಳುತ್ತದೆ. ಹಾಗಂತ ಬೇಕಾದ ಸ್ಕ್ಯಾನ್ ಬಿಡಬೇಡಿ. ಆದರೆ ಹೋದ ತಿಂಗಳಷ್ಟೇ ಮಾಡಿಸಿದ್ದರೆ ಆ ಫಿಲ್ಮ್ ಮನೆಯಲ್ಲಿ ಬಿಟ್ಟು ಬರಬೇಡಿ.

ಗಂಟಲು, ಗರ್ಭಕಂಠಕ್ಕೆ ಕರೆಂಟ್ ಹಿಡಿಸಿಕೊಳ್ಳುತ್ತಿರುವವರಿಗೆ ಒಂದು ಮಾತು. ಮೂರ್ನಾಲ್ಕು ವಾರ ಕಳೆದ ಮೇಲೆ ಉಳಿದ ಗಡ್ಡೆ ಕೋಶಗಳು ಮೊದಲಿಗಿಂತ ಬೇಗ ಬೆಳೆಯತೊಡಗುತ್ತವೆ. ಮದುವೆ, ಜಾತ್ರೆ ಅಂತ ಒಂದು ವಾರ ತಪ್ಪಿಸಿದರೆ ಅಷ್ಟರಲ್ಲಿ ಅವು ಚೇತರಿಸಿಕೊಳ್ಳುತ್ತವೆ. ಗರ್ಭಕಂಠದ ಇಡೀ ಚಿಕಿತ್ಸೆ, ವಿಕಿರಣ ಮೂಲವನ್ನೇ ಮೈಯೊಳಗೆ ಗಡ್ಡೆಯ ಹತ್ತಿರ ಇಟ್ಟು ಕೊಡುವ ಚಿಕಿತ್ಸೆಯೂ ಸೇರಿ, ಎಂಟು ವಾರದೊಳಗೆ ಮುಗಿಯಬೇಕು. ನಮ್ಮ ಮೆಷಿನ್ನೇ ಕೆಟ್ಟು ದಿನ ತಪ್ಪಿದರೆ ಶನಿವಾರ ಕರೆಯುತ್ತೇವೆ, ಇಲ್ಲವೇ ಒಂದೇ ದಿನ ಎರಡು ಸಲ ಕೊಡುತ್ತೇವೆ. ಆಗ ಎರಡರ ನಡುವೆ ಕನಿಷ್ಠ ಆರು ಗಂಟೆ ಇರಲೇಬೇಕು, ಒಳ್ಳೆಯ ಕೋಶಗಳ ರಿಪೇರಿಗೆ. ಬೆಳಿಗ್ಗೆ ಹತ್ತಕ್ಕೆ ಕೊಟ್ಟವರನ್ನು ಸಂಜೆ ನಾಲ್ಕಕ್ಕೆ ಮೊದಲು ಒಳಗೆ ಬಿಡುವುದಿಲ್ಲ. ಬಸ್ಸಿಗೆ ಹೊತ್ತಾಯ್ತು ಅಂತ ಎಷ್ಟೇ ಕೇಳಿಕೊಂಡರೂ ಅಷ್ಟೇ.