ಗ್ರಾಂ ಲೆಕ್ಕದ ರೋಡ್ ಟ್ಯಾಕ್ಸ್

ಬ್ರಿಟನ್ನಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರಿನ ಜಾಹೀರಾತು ನೋಡಿದರೆ, ಎಷ್ಟು ಓಡಿದೆ ಅನ್ನುವುದರ ಪಕ್ಕದಲ್ಲೇ 'ಟ್ಯಾಕ್ಸ್ ಬರೀ 20 ಪೌಂಡ್' ಅಂತಲೂ ಬರೆದಿರುತ್ತಾರೆ. ಅದಕ್ಕೆ ಕಾರಣ ಇದೆ. ಅಲ್ಲಿ ರೋಡ್ ಟ್ಯಾಕ್ಸನ್ನು ಕಾರು ಬಿಡುವ ಕಾರ್ಬನ್ ಡೈಆಕ್ಸೈಡಿನ ಗ್ರಾಂ ಮತ್ತು ನೋಂದಣಿಯ ದಿನ ನೋಡಿ ಹಾಕುತ್ತಾರೆ. ಒಂದೇ ಮಾಡೆಲ್ಲಿನ ಎರಡು ಪೆಟ್ರೋಲ್ ಕಾರು ತಗೊಳ್ಳಿ. ಎರಡೂ ಕಿಲೋಮೀಟರಿಗೆ 99 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಒಂದು 2017ರ ಮಾರ್ಚ್ 31ರಂದು ನೋಂದಣಿಯಾಗಿದೆ, ಇನ್ನೊಂದು ಮಾರನೇ ದಿನ. 2025ರ ಏಪ್ರಿಲ್ಲಿನ ದರದಲ್ಲಿ ಮೊದಲನೆಯದಕ್ಕೆ ವರ್ಷಕ್ಕೆ 20 ಪೌಂಡ್, ಎರಡನೆಯದಕ್ಕೆ 195!

ಮೊದಲು ಈ ಗ್ರಾಂ ಎಲ್ಲಿಂದ ಬಂತು ನೋಡೋಣ. ಒಂದು ಲೀಟರ್ ಪೆಟ್ರೋಲ್ ತೂಗುವುದು ಸುಮಾರು ಮುಕ್ಕಾಲು ಕಿಲೋ. ಅದನ್ನು ಉರಿಸಿದರೆ ಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು 2.3 ಕಿಲೋ. ಮುಕ್ಕಾಲು ಕಿಲೋ ಹಾಕಿ ಎರಡು ಕಿಲೋ ಮೇಲೆ ತೆಗೆಯೋದು ಹೇಗೆ, ಅಲ್ವಾ? ಕಾರ್ಬನ್ ಪರಮಾಣುವಿನ ತೂಕ 12. ಉರಿಯುವಾಗ ಅದು ತಲಾ 16 ತೂಕದ ಎರಡು ಆಕ್ಸಿಜನ್ ಪರಮಾಣುಗಳನ್ನು ಗಾಳಿಯಿಂದ ಎಳೆದುಕೊಂಡು 44 ಆಗುತ್ತದೆ. ಹೆಚ್ಚಿನ ತೂಕವೆಲ್ಲ ಗಾಳಿಯದೇ.

ಹಾಗಾಗಿ ನಾವು ಕಾರು ಕೊಳ್ಳುವಾಗ 'ಎಷ್ಟು ಕೊಡುತ್ತೆ?' ಅಂತ ಕೇಳುತ್ತೇವಲ್ಲ, ಗ್ರಾಂ ಲೆಕ್ಕ ಅದನ್ನೇ ತಿರುಗಿಸಿ ಹೇಳುತ್ತದೆ. 99 ಗ್ರಾಂ ಅಂದರೆ ಲೀಟರಿಗೆ ಸುಮಾರು 23 ಕಿಲೋಮೀಟರ್. ಹದಿನೈದು ಕೊಡುವ ಕಾರು 150 ಗ್ರಾಂ ದಾಟುತ್ತದೆ. ನಮ್ಮ ಕರ್ನಾಟಕದಲ್ಲಿ ಲೈಫ್‌ಟೈಮ್ ಟ್ಯಾಕ್ಸನ್ನು ಕಾರಿನ ಬೆಲೆ ನೋಡಿ ಹಾಕುತ್ತಾರೆ. ಬ್ರಿಟನ್ 2001ರ ಮಾರ್ಚಿನಿಂದ ಹೊಸ ಕಾರುಗಳಿಗೆ ಗ್ರಾಂ ನೋಡಿ ಹಾಕತೊಡಗಿತು.

ಜನ ಬೇಗ ಲೆಕ್ಕ ಹಾಕಿದರು. ಡೀಸೆಲ್ ಕಾರು ಲೀಟರಿಗೆ ಜಾಸ್ತಿ ಓಡುತ್ತದೆ, ಗ್ರಾಂ ಕಡಿಮೆ. 2000ದಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಡೀಸೆಲ್ ನೂರಕ್ಕೆ 14ರಷ್ಟಿತ್ತು. ಹತ್ತು ಹನ್ನೊಂದು ವರ್ಷದಲ್ಲಿ ಅದು ಒಟ್ಟು ಮಾರಾಟದ ಅರ್ಧಕ್ಕೆ ಏರಿತು. ಆದರೆ ಊರಿನ ಗಾಳಿ ಕೆಡಿಸುವ ನೈಟ್ರೋಜನ್ ಆಕ್ಸೈಡುಗಳು ಡೀಸೆಲ್ಲಿನಲ್ಲೇ ಹೆಚ್ಚು.

ಕಂಪನಿಗಳೂ ಸುಮ್ನೆ ಕೂರಲಿಲ್ಲ. ಈ ಗ್ರಾಂ ಅಳೆಯುವುದು ರಸ್ತೆಯಲ್ಲಲ್ಲ, ಲ್ಯಾಬಿನ ರೋಲರ್ ಮೇಲೆ. ಹಳೆಯ ಪರೀಕ್ಷೆ ಸುಮಾರು 20 ನಿಮಿಷ, 11 ಕಿಲೋಮೀಟರ್, ಎಸಿ ಬಂದ್. 2015ರ ಹೊತ್ತಿಗೆ ಯುರೋಪಿನ ಕಾರುಗಳು ರಸ್ತೆಯಲ್ಲಿ ಕಾಗದದಲ್ಲಿದ್ದದ್ದಕ್ಕಿಂತ ಸುಮಾರು ನೂರಕ್ಕೆ 40ರಷ್ಟು ಜಾಸ್ತಿ ಬಿಡುತ್ತಿದ್ದವು. ಟ್ಯಾಕ್ಸ್ ಮಾತ್ರ ಕಾಗದದ ಅಂಕಿಗೇ. ಆಮೇಲೆ ಇನ್ನೂ ಉದ್ದದ, ವೇಗದ ಪರೀಕ್ಷೆ ಬಂತು. ಬ್ರಿಟನ್ನಿನ ತೆರಿಗೆ 2020ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಅದರ ಅಂಕಿಯನ್ನೇ ಹಿಡಿಯುತ್ತಿದೆ.

ಇಷ್ಟರಲ್ಲಿ ನೂರು ಗ್ರಾಂ ಒಳಗಿನ ಕಾರುಗಳೇ ತುಂಬಿದವು. ಆಗ ಅವಕ್ಕೆ ಟ್ಯಾಕ್ಸ್ ಸೊನ್ನೆ. ಖಜಾನೆಗೆ ಇದು ಬಿಸಿ ತಟ್ಟಿಸಿತು. 2017ರ ಏಪ್ರಿಲ್ 1ರಿಂದ ನೋಂದಣಿಯಾದ ಕಾರುಗಳಿಗೆ ಗ್ರಾಂ ಲೆಕ್ಕ ಮೊದಲ ವರ್ಷಕ್ಕಷ್ಟೇ, ಆಮೇಲೆ ಎಂಜಿನ್ ಇರುವ ಕಾರಿಗೆಲ್ಲ ಹೆಚ್ಚುಕಡಿಮೆ ಒಂದೇ ದರ. ಅದಕ್ಕೂ ಹಿಂದಿನ ಕಾರುಗಳಿಗೆ ವರ್ಷವರ್ಷವೂ ಗ್ರಾಂ ಲೆಕ್ಕವೇ. 2025ರ ಏಪ್ರಿಲ್ಲಿನ ದರದಲ್ಲಿ 255 ಗ್ರಾಂ ದಾಟಿದ ಹೊಸ ಕಾರಿಗೆ ಮೊದಲ ವರ್ಷ 5,490 ಪೌಂಡ್. ಅದನ್ನೇ ಎರಡನೇ ಕೈಯಲ್ಲಿ ಕೊಂಡವನಿಗೆ ಆ ಹೊಡೆತ ಇಲ್ಲ.

ನನಗೆ ಸರಿಯೆನಿಸದ ಸಂಗತಿ ಬೇರೆ. ಎಷ್ಟು ಓಡಿಸುತ್ತೀರಿ ಅಂತ ಈ ಟ್ಯಾಕ್ಸ್ ಕೇಳುವುದೇ ಇಲ್ಲ. 2008ರ ಒಂದು ದೊಡ್ಡ ಕಾರು, 260 ಗ್ರಾಂ. ಅಜ್ಜ ವಾರಕ್ಕೊಮ್ಮೆ ಅಂಗಡಿಗೆ ಹೋಗಿ ಬಂದು ವರ್ಷಕ್ಕೆ 3,000 ಕಿಲೋಮೀಟರ್ ಓಡಿಸಿದರೆ 780 ಕಿಲೋ ಹೊಗೆ. 2025ರ ಏಪ್ರಿಲ್ಲಿನ ದರದಲ್ಲಿ ಅವರು ಕಟ್ಟುವುದು 760 ಪೌಂಡ್. ಆ ಮಾರ್ಚ್ 31ರ ಕಾರಿನಲ್ಲಿ ಸೇಲ್ಸ್‌ಮ್ಯಾನ್ ಒಬ್ಬ 30,000 ಕಿಲೋಮೀಟರ್ ತಿರುಗಿದರೆ ಹತ್ತಿರಹತ್ತಿರ ಮೂರು ಟನ್. ಅವನದು 20 ಪೌಂಡ್.

ಓಡಿಸಿದಷ್ಟಕ್ಕೆ ವಸೂಲಿ ಮಾಡುವುದು ಪಂಪಿನಲ್ಲಿ. 2025ರಲ್ಲಿ ಲೀಟರಿಗೆ ಸುಮಾರು 53 ಪೆನ್ಸ್ ಇಂಧನ ಸುಂಕ ಇತ್ತು. ಎಲೆಕ್ಟ್ರಿಕ್ ಕಾರು ಪಂಪಿಗೆ ಹೋಗುವುದೇ ಇಲ್ಲವಲ್ಲ. ಅದಕ್ಕೆ 2025ರ ಏಪ್ರಿಲ್‌ನಿಂದ ಅದರ ರೋಡ್ ಟ್ಯಾಕ್ಸ್ ವಿನಾಯಿತಿ ಹೋಯಿತು. 2028ರ ಏಪ್ರಿಲ್‌ನಿಂದ ಅದಕ್ಕೆ ಮೈಲಿಗೆ 3 ಪೆನ್ಸ್ ಹಾಕುವುದಾಗಿ ಸರ್ಕಾರ 2025ರ ನವೆಂಬರ್ ಬಜೆಟ್ಟಿನಲ್ಲಿ ಹೇಳಿದೆ. ವರ್ಷಕ್ಕೆ 8,000 ಮೈಲಿ ಓಡಿಸುವವರಿಗೆ ಅದು 240 ಪೌಂಡ್, ರೋಡ್ ಟ್ಯಾಕ್ಸ್ ಬೇರೆ.